ಕಂಡೆನ್ಸರ್ ರಾಯರ ಕಿವಿ

ವಾಲ್ವ್ ಆಂಪ್ಲಿಫೈಯರನ್ನು ಮನೆಯಲ್ಲೇ ಕಟ್ಟಿಕೊಳ್ಳುವ ಗೃಹಸ್ಥರನ್ನೆಲ್ಲ ಒಟ್ಟಾಗಿ ಕಂಡೆನ್ಸರ್ ರಾಯರು ಎನ್ನೋಣ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇವರನ್ನು ಗುರುತಿಸುವುದು ಸುಲಭ: ಉಳಿದ ಗಿರಾಕಿಗಳು ಬೆಲೆ ಹೆಚ್ಚಾಯಿತೆಂದು ಚೌಕಾಸಿ ಮಾಡಿದರೆ, ಇವರು ಬೆಲೆ ಕಡಿಮೆಯಾಯಿತೆಂದು ಅನುಮಾನಪಡುತ್ತಾರೆ. ಜಾಲಹಳ್ಳಿಯ ಬಿಇಎಲ್ ಒಂದು ಕಾಲಕ್ಕೆ ತಯಾರಿಸುತ್ತಿದ್ದ ವಾಲ್ವು ಡಬ್ಬಿ ಒಡೆಯದೆ ಸಿಕ್ಕಿಬಿಟ್ಟರೆ ಅದಕ್ಕೆ ದೇವರಗೂಡಿನ ಪಕ್ಕದಲ್ಲೇ ಜಾಗ. ಇವರ ಆಂಪ್ಲಿಫೈಯರಿಗೆ ಮುಚ್ಚಳ ಇರುವುದಿಲ್ಲ. ಮುಚ್ಚಳ ಬೇಕಾಗುವುದು ಕೆಲಸ ಮುಗಿದ ಯಂತ್ರಕ್ಕೆ. ಎರಡು ವಾಲ್ವುಗಳ ನಡುವಿನ ಪುಟ್ಟ ಕಂಡೆನ್ಸರನ್ನು ಕಿತ್ತು, ಎಣ್ಣೆಯಲ್ಲಿ ನೆಂದ ಕಾಗದದ ದುಬಾರಿ ಕಂಡೆನ್ಸರನ್ನು ಬೆಸೆದರೆ ಸಾಕು, ಮಲ್ಲಿಕಾರ್ಜುನ ಮನ್ಸೂರರು ಎರಡಡಿ ಮುಂದೆ ಬಂದು ಕೂರುತ್ತಾರೆ, ತಬಲಾದವರು ಎಡಕ್ಕೆ ಸರಿದು ಜಾಗ ಬಿಡುತ್ತಾರೆ. ರಾಯರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಹಾಗೆ ಕೇಳಿಸುವುದು ನಿಜ. ಆದರೆ ಬದಲಾದದ್ದು ಆಂಪ್ಲಿಫೈಯರೋ ರಾಯರೋ ಎಂಬುದಷ್ಟೇ ಪ್ರಶ್ನೆ.

ಬಿಡಿಭಾಗ ಬದಲಿಸಿದರೆ ಏನೂ ಆಗದು ಎನ್ನುವವರೂ ತಪ್ಪೇ. ಹಳೆಯ ಕಾಗದದ ಕಂಡೆನ್ಸರ್ ಸೋರತೊಡಗಿದರೆ ಮುಂದಿನ ವಾಲ್ವಿನ ಗ್ರಿಡ್ಡಿಗೆ ಡಿಸಿ ನುಗ್ಗಿ, ಧ್ವನಿ ಒಡೆಯುತ್ತದೆ, ವಾಲ್ವು ಕೆಂಪಗೆ ಕಾಯುತ್ತದೆ. ಫೀಡ್‌ಬ್ಯಾಕ್ ಇಲ್ಲದ ಒಂಟಿ ಟ್ರಯೋಡಿನ ಆಂಪ್ಲಿಫೈಯರಿಗೆ 3 ಓಮ್‌ನಷ್ಟು ಔಟ್‌ಪುಟ್ ಇಂಪೆಡೆನ್ಸ್ ಇದ್ದು, ಸ್ಪೀಕರಿನ ಇಂಪೆಡೆನ್ಸ್ ಸ್ವರಕ್ಕೆ ತಕ್ಕಂತೆ 6ರಿಂದ 30 ಓಮ್‌ವರೆಗೆ ಏರಿಳಿದರೆ, ಧ್ವನಿಯಲ್ಲಿ ಎರಡೂವರೆ ಡೆಸಿಬೆಲ್‌ಗೂ ಮೀರಿದ ಏರುಪೇರು ಬರುತ್ತದೆ. ಇದು ಯಾರಿಗಾದರೂ ಕೇಳಿಸೀತು. ಆದರೆ ರಾಯರ ಮೆಚ್ಚಿನ ಪ್ರಯೋಗವೇ ಬೇರೆ. 470 ಕಿಲೊಓಮ್ ರೆಸಿಸ್ಟರಿನ ಜೊತೆಗಿದ್ದ 0.1 ಮೈಕ್ರೊಫ್ಯಾರಡ್ ತೆಗೆದು 0.22 ಹಾಕಿದರೆ, ಧ್ವನಿ ಇಳಿಯತೊಡಗುವ ಮಿತಿ ಸುಮಾರು 3.4 ಹರ್ಟ್ಸ್‌ನಿಂದ 1.5ಕ್ಕೆ ಜಾರುತ್ತದೆ. 20 ಹರ್ಟ್ಸ್‌ನಲ್ಲಿ ಸಿಗುವ ಲಾಭ ಡೆಸಿಬೆಲ್ಲಿನ ಹತ್ತನೇ ಒಂದು ಪಾಲು. ಗಂಡಸರ ತಂಬೂರಿಯ ಮಂದ್ರ ತಂತಿಯೂ ಸಾಮಾನ್ಯವಾಗಿ 60 ಹರ್ಟ್ಸ್‌ಗಿಂತ ಮೇಲೆಯೇ ಮಿಡಿಯುತ್ತದೆ. ಅಲ್ಲಿಂದ ಕೆಳಗೆ ಮನ್ಸೂರರಿಗೇ ಕೆಲಸವಿಲ್ಲ. ರಾಯರು ಅಲ್ಲಿ ಕೇಳುತ್ತಿರುವುದು ಏನನ್ನು?

ಪ್ರಯೋಗದ ವಿಧಾನ ನೋಡಿದರೆ ಉತ್ತರ ಸಿಗುತ್ತದೆ. ಮೊದಲು ಸ್ವಿಚ್ ಆರಿಸಬೇಕು. ಒಳಗಿನ ಮುನ್ನೂರೈವತ್ತು ವೋಲ್ಟ್ ಪ್ರಾಣ ತೆಗೆಯದಂತೆ ಫಿಲ್ಟರ್ ಕಂಡೆನ್ಸರಿನ ಚಾರ್ಜು ಇಳಿಸಬೇಕು, ಹಳೆಯದನ್ನು ಬಿಡಿಸಿ ಹೊಸದನ್ನು ಬೆಸೆಯಬೇಕು, ಮತ್ತೆ ವಾಲ್ವು ಕಾಯಬೇಕು. ಕಾಲು ಗಂಟೆಯಾದರೂ ಬೇಕು. ಧ್ವನಿಯ ಸೂಕ್ಷ್ಮ ನೆನಪು ಉಳಿಯುವುದು ಕೆಲವೇ ಸೆಕೆಂಡು. ಉಳಿದ ಸಮಯವನ್ನು ತುಂಬುವುದು ನಿರೀಕ್ಷೆ, ಬೆವರು ಮತ್ತು ಬಿಲ್ಲು. ವಾಲ್ವನ್ನೇ ಬದಲಿಸಿದರೆ ಇನ್ನೊಂದು ಮೋಸವಿದೆ: ಹೊಸದು ಅರ್ಧ ಡೆಸಿಬೆಲ್ ಜೋರಾಗಿದ್ದರೆ ಕಿವಿ ಅದನ್ನು ಜೋರು ಎನ್ನುವುದಿಲ್ಲ, ಸ್ಪಷ್ಟ ಎನ್ನುತ್ತದೆ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ರಾಯರ ಬಾಯಲ್ಲೇ ಇದೆ. ಹೊಸ ಕಂಡೆನ್ಸರ್ ನೂರು ಗಂಟೆ ಓಡಿ ಪಳಗಬೇಕು, ಅದಕ್ಕೆ ಬರ್ನ್-ಇನ್ ಎಂದು ಹೆಸರು. ಪಳಗಿದ ಮೇಲೆ ಧ್ವನಿ ಉತ್ತಮಗೊಳ್ಳುತ್ತದೆ, ಎಂದೂ ಕೆಡುವುದಿಲ್ಲ. ಪದಾರ್ಥ ತಾನಾಗಿ ಬದಲಾಗುವುದಾದರೆ ಒಮ್ಮೊಮ್ಮೆಯಾದರೂ ಕೆಟ್ಟದ್ದರ ಕಡೆ ಹೋಗಬೇಕಿತ್ತು. ಸದಾ ಒಳ್ಳೆಯ ದಿಕ್ಕಿಗೇ ಪಳಗುವುದು ಕೊಟ್ಟ ದುಡ್ಡಿಗೆ ಸಮಾಧಾನ ಹುಡುಕುವ ಮನಸ್ಸು.

ರಾಯರ ಆಕ್ಷೇಪಗಳು ಮೂರು. ‘ಅಡುಗೆಮನೆಯಲ್ಲಿದ್ದ ಇವಳಿಗೂ ಗೊತ್ತಾಯ್ತು’ ಎಂಬುದು ಮೊದಲನೆಯದು. ಅದೇ ರಾಗ ಮೂರನೇ ಸಲ ಮೊಳಗುವಾಗ, ‘ಹೇಗಿದೆ?’ ಎಂಬ ಕೂಗಿಗೆ ‘ಚೆನ್ನಾಗಿದೆ, ಊಟಕ್ಕೆ ಬನ್ನಿ’ ಎಂದರೆ ಅದು ಸಾಕ್ಷ್ಯವಲ್ಲ, ಸಂಸಾರ. ವೈಣಿಕರಿಗೆ ಕೂದಲೆಳೆಯಷ್ಟು ಶ್ರುತಿಭೇದ ತಿಳಿಯುವುದಿಲ್ಲವೇ ಎಂಬುದು ಎರಡನೆಯದು. ಖಂಡಿತ ತಿಳಿಯುತ್ತದೆ. ಆದರೆ ಅವರು ಅದೇ ಕ್ಷಣ ನುಡಿಯುತ್ತಿರುವ ತಂಬೂರಿಯ ಎದುರು ಹೋಲಿಸುತ್ತಾರೆ, ಬಿರಡೆಯ ಕಡೆ ನೋಡದೆಯೂ ಹೇಳಬಲ್ಲರು. ರಾಯರು ಮಾತ್ರ ಕಂಡೆನ್ಸರಿನ ಮೇಲಿನ ಹೆಸರು ಓದಿಯೇ ಆಲಿಸಲು ಕೂರುತ್ತಾರೆ. ಮೂರನೆಯದು, ಕಿವಿಗೆ ತಿಳಿಯುವುದೆಲ್ಲ ಮೀಟರಿಗೆ ಸಿಗದು ಎಂಬುದು. ಹಾಗಾದರೆ ಮೀಟರ್ ಬೇಡ, ಕಿವಿಯನ್ನೇ ಕೇಳೋಣ. ಅಮೆರಿಕದ ‘ಸ್ಟೀರಿಯೊ ರಿವ್ಯೂ’ ಪತ್ರಿಕೆ ಕೇಳಿದ್ದೂ ಅದನ್ನೇ. ಅಗ್ಗದ ರಿಸೀವರಿನಿಂದ ಅತಿ ದುಬಾರಿ ವಾಲ್ವ್ ಆಂಪ್ಲಿಫೈಯರಿನವರೆಗೆ ಎಲ್ಲದರ ಧ್ವನಿಮಟ್ಟ ಸಮಮಾಡಿ, ಯಾವುದು ನುಡಿಯುತ್ತಿದೆಯೆಂದು ಹೇಳದೆ ಕೇಳಿಸಿತು. 1987ರ ಜನವರಿಯಲ್ಲಿ ಅದು ಪ್ರಕಟಿಸಿದ ಫಲಿತಾಂಶದಂತೆ, ಕೇಳುಗರ ಒಟ್ಟು ಉತ್ತರ ನಾಣ್ಯ ಚಿಮ್ಮಿ ಹೇಳಿದಷ್ಟೇ ನಿಖರವಾಗಿತ್ತು.

ಇಷ್ಟಾದ ಮೇಲೂ ರಾಯರ ಆನಂದ ಹುಸಿಯೆನ್ನಲಾಗದು. ಸ್ವಂತ ಕೈಯಿಂದ ಬೆಸೆದು, ಮೈಮರೆತು ಕೂತು ಕೇಳಿದ ರಾಗ ನಿನ್ನೆಗಿಂತ ಹೆಚ್ಚು ತೆರೆದುಕೊಳ್ಳುವುದು ಸಹಜ. ಅಷ್ಟು ಗಮನವಿಟ್ಟು ನಿನ್ನೆ ಯಾರು ಕೇಳಿದ್ದರು? ಸುಖ ಇರುವುದು ಆ ಗಮನದಲ್ಲಿ ಎಂದಮೇಲೆ, ಹತ್ತು ರೂಪಾಯಿಯ ಕಂಡೆನ್ಸರನ್ನೇ ಬಿಚ್ಚಿ ಮತ್ತೆ ಅಲ್ಲೇ ಬೆಸೆದು ಕೂತರೂ ಮನ್ಸೂರರು ಮುಂದೆ ಬಂದಾರು. ತರ್ಕಕ್ಕೆ ಇದು ಸರಿಯೆಂದು ರಾಯರೂ ಒಪ್ಪುತ್ತಾರೆ. ಆದರೆ ಹತ್ತು ರೂಪಾಯಿಯದು ಅಷ್ಟು ಬೇಗ ಪಳಗುವುದಿಲ್ಲವಂತೆ.