ದೇವರ ಪಾಲಿಗೆ ನುಸಿಕಾಯಿ

ತಿಪಟೂರು ಸೀಮೆಯವರಿಗೆ ಕಾಯಿ ಪರೀಕ್ಷೆ ಮಾಡುವುದನ್ನು ಯಾವ ಕೃಷಿ ಅಧಿಕಾರಿಯೂ ಹೇಳಿಕೊಡಬೇಕಿಲ್ಲ. ವರ್ಷದ ಹತ್ತಿರ ಅಟ್ಟದಲ್ಲಿದ್ದ ಕಾಯಿಯನ್ನು ಕಿವಿಯ ಪಕ್ಕ ಅಲ್ಲಾಡಿಸುತ್ತಾರೆ. ನೀರು ಕುಲುಕಿದರೆ ವಾಪಸ್ ಅಟ್ಟಕ್ಕೆ, ಉಂಡೆ ಲೊಟಲೊಟ ಅಂದರೆ ಕೆಳಕ್ಕೆ. ಇಂಥ ಕಿವಿ ಇರುವವರು ಸುಗ್ಗಿ ಹಬ್ಬದ ಭಾನುವಾರ ಚರ್ಚಿಗೆ ತರುವ ಕಾಯಿ ನೋಡಬೇಕು. ನುಸಿ ಹತ್ತಿ, ತೊಟ್ಟಿನಿಂದ ಕಂದು ಪಟ್ಟೆ ಇಳಿದು, ಮಟ್ಟೆ ಬಿರಿದು, ಮೂಸಂಬಿ ಗಾತ್ರಕ್ಕೇ ನಿಂತವು. ಸಂತೆಯಲ್ಲಿ ಯಾರೂ ಮೂಸದ ಸರಕು ಬಲಿಪೀಠದ ಮುಂದೆ ಗುಡ್ಡೆ, ಮೇಲೊಂದು ಚೆಂಡುಹೂವಿನ ಹಾರ.

ಕೇಳಿದರೆ, "ದೇವರು ಮನಸ್ಸು ನೋಡ್ತಾನೆ ಕಣ್ರೀ, ಕಾಯಿ ನೋಡಲ್ಲ."

ಮೋಶೆಯ ಕಾಲದಲ್ಲಿ ಎರಡನ್ನೂ ನೋಡುತ್ತಿದ್ದ. ಯಾಜಕಕಾಂಡದ 22ನೇ ಅಧ್ಯಾಯ ತೆಗೆಯಿರಿ: ಕುರುಡು, ಅಂಗ ಮುರಿದದ್ದು, ಹುಣ್ಣು, ಕಜ್ಜಿ, ಯಾವುದೂ ವೇದಿ ಹತ್ತುವಂತಿಲ್ಲ. ಖರೀದಿ ಕೇಂದ್ರದಲ್ಲಿ ಮೂಟೆ ಬಿಚ್ಚಿ ತೇವ, ಬೂಷ್ಟು ನೋಡುವವರೇ ಕೂತು ಬರೆದಂತಿದೆ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಅಂದ ಸರ್ಕಾರಕ್ಕೆ ಆರಿಸಿ ಆರಿಸಿ ಒಯ್ದೆವು. ಮಳೆ, ಮಕ್ಕಳು, ಆಯಸ್ಸನ್ನು ಪುಕ್ಕಟೆ ಕೊಡುವವನು ಗೋಣಿ ಬಿಚ್ಚಿಸುವುದಿಲ್ಲವಲ್ಲ.

ಮಲಾಕಿ ಪ್ರವಾದಿ ತನ್ನ ಕಾಲದವರನ್ನು ಛೇಡಿಸಿದ್ದ: ಈ ಕುಂಟು ಪಶುವನ್ನು ನಿಮ್ಮ ದೇಶಾಧಿಪತಿಗೆ ಕೊಟ್ಟು ನೋಡಿ, ಮೆಚ್ಚುತ್ತಾನೇನೋ ಎಂದು. ತುರುವೇಕೆರೆ ಕಡೆ ಅಧಿಪತಿಗಿಂತ ಬೀಗರು ದೊಡ್ಡವರು. ಅದೇ ನುಸಿಕಾಯಿಯನ್ನು ಬೀಗರ ಮನೆಗೆ ಕಳಿಸಿ, ಮಗಳು ಎಷ್ಟು ದಿನಕ್ಕೆ ವಾಪಸ್ ಬರುತ್ತಾಳೆ ನೋಡಿ.

ಬಡವರ ಮಾತು ಬೇರೆ. ಕುರಿ ತರಲಾರದವನು ಎರಡು ಪಾರಿವಾಳ ತರಲಿ, ಅದೂ ಆಗದಿದ್ದರೆ ಒಂದಿಷ್ಟು ಹಿಟ್ಟು ತರಲಿ ಎಂದಿತ್ತು ಧರ್ಮಶಾಸ್ತ್ರ. ಯೇಸುವಿನ ತಂದೆತಾಯಿ ಕೊಟ್ಟದ್ದೂ ಹಕ್ಕಿಗಳನ್ನೇ. ಆದರೆ ಚಿಕ್ಕನಾಯಕನಹಳ್ಳಿ ರಸ್ತೆಯಲ್ಲಿ ಐದೆಕರೆ ತೋಟ ಇಟ್ಟುಕೊಂಡು ಪಾರಿವಾಳದ ರಿಯಾಯಿತಿ ಕೇಳುವುದು ಸ್ವಲ್ಪ ಜಾಸ್ತಿಯಾಯಿತು.

ಇಷ್ಟಾದರೂ ಕಾಯಿಯದು ಸಣ್ಣ ತಕರಾರು. ದೊಡ್ಡದು ಪ್ರಾಯಶ್ಚಿತ್ತಯಜ್ಞದ್ದು. ಯಾಜಕಕಾಂಡದ 6ನೇ ಅಧ್ಯಾಯದ ಪ್ರಕಾರ, ನೆರೆಯವನಿಗೆ ಮೋಸಮಾಡಿ ನುಂಗಿದವನು ಟಗರು ಎಳೆದುಕೊಂಡು ಸೀದಾ ದೇವರ ಹತ್ತಿರ ಬರುವ ಹಾಗಿಲ್ಲ. ಮೊದಲು ಅಸಲು, ಅದರ ಮೇಲೆ ಐದನೇ ಒಂದು ಪಾಲು, ಎರಡೂ ಕಳಕೊಂಡವನ ಕೈಗೆ. ಆಮೇಲೆ ಟಗರು. ಕೂಲಿಯವನ ಕೂಲಿ ರಾತ್ರಿ ಕಳೆದು ಬೆಳಗಾಗುವವರೆಗೆ ನಿನ್ನ ಹತ್ತಿರ ಇರಬಾರದೆಂಬುದೂ ಅದೇ ಗ್ರಂಥದ 19ನೇ ಅಧ್ಯಾಯದಲ್ಲಿದೆ. ಕಾಣಿಕೆಯನ್ನು ವೇದಿಯ ಮುಂದೆ ಬಿಟ್ಟು, ಮೊದಲು ಹೋಗಿ ಸಹೋದರನ ಲೆಕ್ಕ ಸರಿಮಾಡಿಕೊಂಡು ಬಾ ಎಂದು ಬೆಟ್ಟದ ಪ್ರಸಂಗದಲ್ಲಿ ಯೇಸುಸ್ವಾಮಿಯೂ ಇದನ್ನೇ ಹೇಳಿದ್ದು.

ನಮ್ಮ ಯಜಮಾನರು ಇದನ್ನೆಲ್ಲ ಬಲ್ಲವರೇ. ಚಿಪ್ಪು ಬಿಡಿಸಿದ ಹೆಂಗಸರಿಗೆ "ಕೊಬ್ಬರಿ ಮಾರಿದ ಮೇಲೆ ನೋಡಾನ ಬನ್ನಿ" ಎಂದು ಕಳಿಸಿ, ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದೇ ಕಾಯಿಗೆ 5,000 ರೂಪಾಯಿ ಕೂಗುತ್ತಾರೆ. ಚಪ್ಪಾಳೆ, ಫೋಟೋ. ಸೌಲ ರಾಜನೂ ಹೀಗೆಯೇ: ದೇವರು ಉಳಿಸಬೇಡವೆಂದ ಕೊಬ್ಬಿದ ಕುರಿಗಳನ್ನು ಉಳಿಸಿಕೊಂಡು, ದೇವರಿಗೇ ಬಲಿ ಕೊಡಲು ತಂದದ್ದು ಅಂದ. ಹೇಳಿದ ಮಾತು ಕೇಳುವುದು ಬಲಿಗಿಂತ ಮೇಲೆಂದು ಸಮುವೇಲ ಉಗಿದ. ಸೌಲ ಅಷ್ಟರಲ್ಲಾಗಲೇ ಕರ್ಮೆಲಿನಲ್ಲಿ ತನಗೊಂದು ಸ್ಮಾರಕ ನಿಲ್ಲಿಸಿಕೊಂಡಿದ್ದ. ಚರ್ಚಿನ ಬೆಂಚಿನ ಬೆನ್ನಿಗೆ ದಾನಿಗಳ ಹೆಸರು ಬರೆಸುವವರಿಗೆ ಪೂರ್ವಿಕರ ಕೊರತೆಯಿಲ್ಲ.

"ಕಲ್ವಾರಿಯಲ್ಲಿ ಒಂದೇ ಸಾರಿಗೆ ಎಲ್ಲ ಬಲಿಯೂ ಮುಗೀತಲ್ಲ" ಅನ್ನುತ್ತಾರೆ ವೇದ ಓದಿದವರು. ಸರಿಯೇ. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನೇ ಕೆಡವಿದರು. ಟಗರು ಬಚಾವಾಯಿತು. ಐದನೇ ಪಾಲೂ ಶಿಲುಬೆಯ ಮೇಲೆ ವಜಾ ಆಯಿತೆಂದು ಯಾವ ಅಪೊಸ್ತಲ ಬರೆದ? ಜಕ್ಕಾಯನಂತೂ ನಾಲ್ಕರಷ್ಟು ಕೊಡುತ್ತೇನೆ ಅಂದಿದ್ದ.

ರಸೀದಿ ಪುಸ್ತಕದಲ್ಲಿ ದಶಮಾಂಶಕ್ಕೆ ಒಂದು ಕಲಂ, ಸ್ತೋತ್ರ ಕಾಣಿಕೆಗೆ ಒಂದು, ಕಟ್ಟಡ ನಿಧಿಗೆ ದೊಡ್ಡದೊಂದು. ಐದನೇ ಪಾಲಿಗೆ ಕಲಂ ಇಲ್ಲ. ಇರುವುದಾದರೂ ಹೇಗೆ? ಆ ದುಡ್ಡು ಚರ್ಚಿಗೆ ಬರುವುದಲ್ಲ, ಚಿಪ್ಪು ಬಿಡಿಸಿದವಳ ಸೆರಗಿನ ಗಂಟಿಗೆ ಹೋಗುವುದು. ಹಾಗಾಗಿ ದಶಮಾಂಶದ ಪ್ರಸಂಗವನ್ನು ಬಾಯಿಪಾಠ ಒಪ್ಪಿಸುವವರು ಕೂಡ ಯಾಜಕಕಾಂಡದ 6ನೇ ಅಧ್ಯಾಯವನ್ನು ಬೆರಳಿಟ್ಟು ಹುಡುಕಬೇಕು.