ಪರದೆ ಎಳೆಯಿರಿ, ಬೆಳಕಿನ ಪಾಠವಿದೆ

ಇಂಟೀರಿಯರ್ ಡಿಸೈನ್ ತರಗತಿ. ಇವತ್ತಿನ ವಿಷಯ: ಸಹಜ ಬೆಳಕು. ಮೇಷ್ಟರ ಮೊದಲ ಮಾತು: "ಪರದೆ ಎಳೀರಪ್ಪ, ಸ್ಲೈಡ್ ಕಾಣಿಸ್ತಿಲ್ಲ."

ಎಳೆಯುತ್ತಾರೆ. ಹೊರಗೆ ನೆತ್ತಿಯ ಮೇಲಿನ ಸೂರ್ಯ ಸುಮಾರು 1 ಲಕ್ಷ ಲಕ್ಸ್ ಬೆಳಕನ್ನು ಪುಕ್ಕಟೆ ಸುರಿಯುತ್ತಿರುತ್ತಾನೆ. ಒಳಗೆ ಮಕ್ಕಳು ಕತ್ತಲಲ್ಲಿ ಕೂತು ಬಿಸಿಲಿನ ಫೋಟೊ ನೋಡುತ್ತಿರುತ್ತಾರೆ. ಇದಕ್ಕೆ ವರ್ಷಕ್ಕೆ ಲಕ್ಷಗಟ್ಟಲೆ ಫೀಸು.

ಫೋಟೊ ಯಾವುದು? ಬನ್ನೇರುಘಟ್ಟ ರಸ್ತೆಯ ಐಐಎಂ. ವಾಸ್ತುಶಿಲ್ಪಿ ಬಿ.ವಿ. ದೋಶಿ ವಿನ್ಯಾಸ ಮಾಡಿದ್ದು. ಕಲ್ಲಿನ ಓಣಿಗಳು, ಮೇಲೆ ತೆರೆದ ತೊಲೆಗಳು. ಆ ತೊಲೆಗಳ ನೆರಳು ಗಂಟೆಗಂಟೆಗೂ ಜಾಗ ಬದಲಿಸುತ್ತದೆ. ಸ್ಲೈಡಿನಲ್ಲಿ ಬದಲಿಸುವುದಿಲ್ಲ. ಬೆಂಗಳೂರಿನ ಕಾಲೇಜಿಗೆ ಅಲ್ಲಿಗೆ ಹೋಗಲು ಒಂದು ಅನುಮತಿ ಪತ್ರ, ಒಂದು ಬಿಎಂಟಿಸಿ ಬಸ್ಸು ಸಾಕು. ಆದರೆ ಸಿಲಬಸ್ಸಿನಲ್ಲಿ ಬಸ್ಸಿಲ್ಲ.

ಮಕ್ಕಳನ್ನು ಕೇಳಿ ನೋಡಿ. ಲಕ್ಸ್ ಎಂದರೆ? ಚದರ ಮೀಟರಿಗೆ ಒಂದು ಲುಮೆನ್. ಸರಿ. ಅಮೆರಿಕದ ಬೆಳಕಿನ ವಿನ್ಯಾಸಕ ರಿಚರ್ಡ್ ಕೆಲ್ಲಿ 1952ರಲ್ಲಿ ಬೆಳಕಿನಲ್ಲಿ ಎಷ್ಟು ಬಗೆ ಎಂದ? ಮೂರು. ಅದೂ ಸರಿ. ಐದಕ್ಕೆ ಐದು ಅಂಕ. ನಿಮ್ಮೆದುರಿನ ಮೇಜಿನ ಮೇಲೆ ಈಗ ಎಷ್ಟು ಲಕ್ಸ್ ಇದೆ? ಮೌನ. ಕೆಲ್ಲಿ ಕಣ್ಣಾರೆ ಕಂಡು ಬರೆದ. ನಾವು ಅವನು ಬರೆದದ್ದನ್ನು ಉರು ಹೊಡೆಸುತ್ತಿದ್ದೇವೆ.

ಲಕ್ಸ್ ಮೀಟರ್ ಇಲ್ಲವೆಂದಲ್ಲ. ಇದೆ. ಲೈಟಿಂಗ್ ಲ್ಯಾಬೂ ಇದೆ, ಪ್ರಾಸ್ಪೆಕ್ಟಸ್ಸಿನ ಬಣ್ಣದ ಪುಟದಲ್ಲಿ. ತಪಾಸಣಾ ಸಮಿತಿ ಬಂದ ದಿನ ಬಾಗಿಲು ತೆರೆಯುತ್ತದೆ. ಮಿಕ್ಕ ದಿನ ಬೀಗ. ಮಕ್ಕಳು ಮುಟ್ಟಿದರೆ ಹಾಳಾಗುತ್ತದಂತೆ. ಮೀಟರ್ ಕ್ಷೇಮವಾಗಿದೆ. ಹಾಳಾಗುತ್ತಿರುವವರು ಮಕ್ಕಳು.

ಪ್ರಾಯೋಗಿಕ ಕಲಿಕೆ ಎಲ್ಲಿ ಎಂದು ಯಾರಾದರೂ ಗೊಣಗಿದರೆ ಒಂದು ದಿನದ ಕಾರ್ಯಾಗಾರ. ಫ್ಲೆಕ್ಸು, ಶಾಲು, ಹಾರ, ನೆನಪಿನ ಕಾಣಿಕೆ. ಮುಖ್ಯ ಅತಿಥಿಗಳು ದೀಪ ಬೆಳಗಿಸುತ್ತಾರೆ. "ಫ್ಯಾನ್ ಆರಿಸಿ" ಎಂದು ಯಾರೋ ಕೂಗುತ್ತಾರೆ. ಇಡೀ ದಿನದಲ್ಲಿ ಕೈಯಾರೆ ಬೆಳಕು ಮಾಡಿದವರು ಆ ಅತಿಥಿಗಳು ಮಾತ್ರ. ಆಮೇಲೆ ಬಲ್ಬ್ ಕಂಪನಿಯವರ ಕ್ಯಾಟಲಾಗ್ ಪಾರಾಯಣ. ಊಟ. ಗ್ರೂಪ್ ಫೋಟೊ. ಸರ್ಟಿಫಿಕೇಟು.

ಇನ್ನು ಮಕ್ಕಳು ಕಂಪ್ಯೂಟರಿನಲ್ಲಿ ಬಿಡಿಸುವ ಚಿತ್ರಗಳು. ಅಲ್ಲಿ ಎಲ್ಲ ಕೋಣೆಗಳೂ ಹೊಳೆಯುತ್ತವೆ. ಜನವರಿಯ ಮಧ್ಯಾಹ್ನ, ಬೆಂಗಳೂರಿನ ಮನೆ, ಉತ್ತರದ ಕಿಟಕಿಯಿಂದ ಸೋಫಾದ ಮೇಲೆ ಚಿನ್ನದಂಥ ಬಿಸಿಲು! ಆ ತಿಂಗಳು ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ ಎಂಬುದು ಚಿತ್ರ ಬಿಡಿಸಿದವರಿಗೆ ಗೊತ್ತಿಲ್ಲ. ಅಂಕ ಕೊಟ್ಟವರಿಗೂ ಗೊತ್ತಿಲ್ಲ.

ಅದೇ ಊರಿನ ಗವಿಪುರದಲ್ಲಿ ಗಂಗಾಧರೇಶ್ವರನ ಗುಡಿಯಿದೆ. ಮಕರ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವಿನಿಂದ ಹಾದು ಲಿಂಗವನ್ನು ಮುಟ್ಟುತ್ತದೆ. ಸಾಫ್ಟ್‌ವೇರ್ ಇಲ್ಲದ ಕಾಲದವರು ಆಕಾಶ ನೋಡಿ ಲೆಕ್ಕ ಹಾಕಿದ್ದರು. ಬೆಳಕಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ದಿನ ಬೇಕೆ? ಕ್ಷಮಿಸಿ, ಆ ದಿನ ಕಾಲೇಜಿಗೆ ರಜೆ.

ಫಲಿತಾಂಶ ನಮ್ಮ ಮನೆಗಳಲ್ಲಿದೆ. ಫಾಲ್ಸ್ ಸೀಲಿಂಗಿಗೆ ಸಿಡುಬು ಎದ್ದಂತೆ ಡೌನ್‌ಲೈಟುಗಳು. ಬಚ್ಚಲಿನ ಕನ್ನಡಿಗೆ ನೆತ್ತಿಯ ಮೇಲಿಂದ ದೀಪ. ನೋಡಿಕೊಂಡವರ ಕಣ್ಣ ಕೆಳಗೆಲ್ಲ ಕಪ್ಪು. ಅಡುಗೆಮನೆಯ ದೀಪ ಬೆನ್ನ ಹಿಂದೆ. ಹೆಚ್ಚುವವರ ನೆರಳು ಈಳಿಗೆಮಣೆಯ ಮೇಲೆ. ಅರವತ್ತರ ಕಣ್ಣಿಗೆ ಇಪ್ಪತ್ತರ ಕಣ್ಣಿಗಿಂತ ಹೆಚ್ಚು ಬೆಳಕು ಬೇಕು. ಅಜ್ಜನ ಓದುವ ಕುರ್ಚಿ ಇರುವ ಮೂಲೆಗೆ ಮಾತ್ರ 'ಮೂಡ್ ಲೈಟಿಂಗ್'.

ಕೊನೆಗೆ ಎಲೆಕ್ಟ್ರಿಷಿಯನ್ನೇ ಬಂದು ಒಂದು ಟ್ಯೂಬ್‌ಲೈಟ್ ಹಾಕುತ್ತಾನೆ. ಅವನ ಹತ್ತಿರ ಪದವಿಯಿಲ್ಲ. ಏಣಿಯಿದೆ.

ಚಿಕ್ಕಪೇಟೆಗೆ ಹೋಗಿ. ಸೀರೆ ಕೊಳ್ಳುವ ಹೆಂಗಸರು ಅಂಗಡಿಯ ದೀಪವನ್ನು ನಂಬುವುದಿಲ್ಲ. ಸೆರಗು ಹಿಡಿದು ಬಾಗಿಲಿಗೆ ಬಂದು ಹಗಲಿನಲ್ಲಿ ಬಣ್ಣ ನೋಡುತ್ತಾರೆ. ಇತ್ತ ಉತ್ತರಪತ್ರಿಕೆಯಲ್ಲಿ ಸಿಆರ್‌ಐ (ದೀಪ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) ಬಗ್ಗೆ ಎರಡು ಪುಟ ಬರೆದವರು ಅಗ್ಗದ ಎಲ್ಇಡಿ ತರಿಸುತ್ತಾರೆ. ಗ್ರಾಹಕರ ಕೆಂಪು ಸೋಫಾ ಸಂಜೆಯಾದರೆ ಕಂದು.

ಕಲಿಸಲು ಏನು ಬೇಕು? ಒಂದು ಕತ್ತಲ ಕೋಣೆ. ಒಂದು ಒರಟು ಗೋಡೆ. 2700, 4000, 6500 ಕೆಲ್ವಿನ್‌ನ ಮೂರು ಬಲ್ಬು. ಒಂದಿಷ್ಟು ವೈರು, ಹೋಲ್ಡರು. ದೀಪವನ್ನು ಗೋಡೆಗೆ ಒತ್ತಿ ಹಿಡಿಯಲಿ, ಉಬ್ಬುತಗ್ಗು ಎದ್ದು ಕಾಣುತ್ತದೆ. ಹಿಂದೆ ಸರಿಸಲಿ, ಅದೇ ಗೋಡೆ ಸಪಾಟಾಗುತ್ತದೆ. ದೂರ ದುಪ್ಪಟ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ ಎಂಬುದನ್ನು ಮೀಟರ್ ಹಿಡಿದು ತಾವೇ ಕಾಣಲಿ. ಬೆನ್ನ ಹಿಂದೆ ದೀಪ ಇಟ್ಟು ಈರುಳ್ಳಿ ಹೆಚ್ಚಲಿ. ಮೇಷ್ಟರು ಹೇಳದ್ದನ್ನು ಬೆರಳು ಹೇಳುತ್ತದೆ.

ಇದಕ್ಕೆ ಆಗುವ ಖರ್ಚು ಕಾರ್ಯಾಗಾರದ ಹಾರ-ಶಾಲಿಗಿಂತ ಕಡಿಮೆ. ಆದರೆ ಸಮಯವಿಲ್ಲವಂತೆ. ಸಿಲಬಸ್ ಮುಗಿಸಬೇಕಂತೆ. ಮುಗಿಸಿ. ಕಲಿಸುವುದೊಂದು ಬಾಕಿ ಉಳಿಯಲಿ, ಯಾರು ಕೇಳುತ್ತಾರೆ?

ನಾವಂತೂ ಕೇಳುವುದಿಲ್ಲ. ಮಗಳ ಅಡ್ಮಿಷನ್‌ಗೆ ಹೋದಾಗ ನಾವು ಕೇಳುವುದು ಎರಡೇ: ಪ್ಲೇಸ್‌ಮೆಂಟ್ ಹೇಗಿದೆ, ಕ್ಯಾಂಪಸ್ಸಿನಲ್ಲಿ ಎಸಿ ಇದೆಯೇ. ಈ ಸಲ ಮೂರನೆಯದನ್ನೂ ಕೇಳಿ: ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇದೆ? ಅದನ್ನು ಹುಡುಕಲು ಅಟೆಂಡರ್ ಓಡಿದರೆ, ನೀವು ಚೆಕ್‌ಬುಕ್ ಜೇಬಿಗಿಳಿಸಿ ಹೊರಡಿ.