ಮೂರು ಸಿಲಿಂಡರಿನ ಸಂಸಾರ

ಪೆಟ್ರೋಲ್ ಎಂಜಿನ್ನಿನ ನಾಲ್ಕು ಹೊಡೆತಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ಪಿಸ್ಟನ್ ಯಾವಾಗ ಇಳಿಯುತ್ತದೆ, ಯಾವ ಕವಾಟ ಯಾವಾಗ ತೆರೆಯುತ್ತದೆ ಎಂದು ಹಡಗಲಿಯ ಎರಡು ತಲೆಮಾರಿಗೆ ಬಾಯಿಪಾಠ ಮಾಡಿಸಿದ ವಿಜ್ಞಾನ ಮೇಷ್ಟ್ರು ನಾನು. ಬೋರ್ಡಿನ ಮೇಲಿನ ಆ ಎಂಜಿನ್ ನನ್ನ ಸರ್ವೀಸಿನಲ್ಲಿ ಒಂದು ದಿನವೂ ಕೆಟ್ಟಿದ್ದಿಲ್ಲ. ಮನೆ ಮುಂದೆ ಬೇವಿನ ಮರದಡಿ ನಿಂತಿರುವ 2005ರ ಮಾರುತಿ 800 ಮಾತ್ರ ಪಠ್ಯಪುಸ್ತಕ ಓದಿದ್ದಲ್ಲ. ಬಾನೆಟ್ ಎತ್ತಿದರೆ ನನಗೆ ಖಾತ್ರಿಯಾಗಿ ಗುರುತು ಸಿಗುವುದು ಎರಡೇ ಸಾಮಾನು: ಬ್ಯಾಟರಿ, ಮತ್ತು ವೈಪರಿಗೆ ನೀರು ಹಾಕುವ ಡಬ್ಬಿ. ಆದರೂ ಕಾರು ಕೆಟ್ಟಾಗಲೆಲ್ಲ ಬಾನೆಟ್ ಎತ್ತಿ, ಸೊಂಟಕ್ಕೆ ಕೈಯಿಟ್ಟು, ಹುಬ್ಬು ಗಂಟಿಕ್ಕಿ ಒಂದಷ್ಟು ಹೊತ್ತು ನಿಲ್ಲುತ್ತೇನೆ. ಓಣಿಯಲ್ಲಿ ಹೋಗುವವರಿಗೆ ಮೇಷ್ಟ್ರು ಏನೋ ಪತ್ತೆ ಹಚ್ಚುತ್ತಿದ್ದಾರೆ ಅನ್ನಿಸಬೇಕಲ್ಲ! ಮನೆಯಾಕೆ ಅಡುಗೆಮನೆಯಿಂದಲೇ ಕೂಗುತ್ತಾಳೆ: "ರೀ, ದರ್ಶನ ಆತಾ? ಆಗಿದ್ರ ಮಿಸ್ತ್ರಿಗೆ ಫೋನ್ ಹಚ್ರಿ."

ನಮ್ಮ ಮಿಸ್ತ್ರಿ ನನ್ನ ಹಳೇ ಶಿಷ್ಯ. ಕೊನೇ ಬೆಂಚು. ನಾಲ್ಕು ಹೊಡೆತ ಹೇಳಲು ಬಾರದೆ ನನ್ನಿಂದ ಐದನೆಯ ಹೊಡೆತ ತಿಂದವನು. ಅವನಿಗೆ ಆ ಸಿಟ್ಟಿದ್ದಿದ್ದರೆ ನನ್ನ ಬಾಳು ಸಲೀಸಾಗಿರುತ್ತಿತ್ತು. ದುಡ್ಡು ಕಿತ್ತುಕೊಂಡು ಲೆಕ್ಕ ಚುಕ್ತಾ ಮಾಡಿಬಿಡುತ್ತಿದ್ದ. ಆದರೆ ಅವನಿಗಿರುವುದು ಗುರುಭಕ್ತಿ. "ನಿಮ್ ಕಡೆ ಲೇಬರ್ ತಗೋಬೇಕಾ ಸರ? ಬರೀ ಸಾಮಾನಿನ ದುಡ್ಡು ಕೊಡ್ರಿ" ಅನ್ನುತ್ತಾನೆ. ಲೇಬರ್ ತೆಗೆದುಕೊಳ್ಳದವನಿಗೆ "ಯಾಕಪ್ಪಾ ಇನ್ನೂ ಆಗಿಲ್ಲ?" ಎಂದು ಕೇಳುವ ಬಾಯಿ ಎಲ್ಲಿಂದ ಬರಬೇಕು? ಬೇರೆ ಗ್ಯಾರೇಜಿಗೆ ಹೋದರೆ ಸಂಜೆಯೊಳಗೆ ಸುದ್ದಿ ಅವನಿಗೆ ಮುಟ್ಟುತ್ತದೆ, ಇದೇನು ಬೆಂಗಳೂರಲ್ಲ. ಕಾರು ಅಲ್ಲಿ ವಾರಗಟ್ಟಲೆ ಧೂಳು ಹೊದ್ದು ನಿಂತರೂ ನಾನು ನಗುನಗುತ್ತಾ "ಅವಸರ ಇಲ್ಲಪ್ಪ" ಎಂದು ಹೇಳಿ, ಅವಸರದ ಕೆಲಸಕ್ಕೆ ಬಸ್ಸು ಹತ್ತುತ್ತೇನೆ.

ಮೇಲಾಗಿ ಪುಕ್ಕಟೆ ಕೆಲಸದ ಭಾರ ಹಾಗೇ ಬಿಡುತ್ತದೆಯೇ? ಕ್ಲಚ್ ಪ್ಲೇಟ್ ಹಾಕಿದ್ದಕ್ಕೆ ಶೇಂಗಾ ಹೋಳಿಗೆ, ಸೈಲೆನ್ಸರ್ ವೆಲ್ಡಿಂಗಿಗೆ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ, ಅವನ ಮಗಳಿಗೆ ವಿಜ್ಞಾನದ ಟ್ಯೂಶನ್, ಹಬ್ಬಕ್ಕೆ ಅವನ ಹೆಂಡತಿಗೆ ಮೊಳಗಟ್ಟಲೆ ಮಲ್ಲಿಗೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಆ ಮಾನ್ಯತೆಯ ಬಿಸಿ ರೇಟಿನಲ್ಲಿ ತಟ್ಟುವುದು ಮದುವೆ ಸೀಸನ್ನಿನಲ್ಲಿ. ನಮ್ಮ ಕಾರು ಸರಿಯಾಗಿ ಆ ಸೀಸನ್ನಿನಲ್ಲೇ ಕೆಡುತ್ತದೆ. ಮನೆಯಾಕೆ ಒಮ್ಮೆ ಇದನ್ನೆಲ್ಲ ಕೂಡಿಸಿ ನೋಡಿ, "ಲೇಬರ್ ಕೊಟ್ಟಿದ್ರ ಅಗ್ಗ ಆಗ್ತಿತ್ರೀ" ಅಂದಳು.

ಅವನ ತಪಾಸಣೆ ನೋಡಬೇಕು. ದೊಡ್ಡ ಸ್ಕ್ರೂ ಡ್ರೈವರಿನ ಮೊನೆಯನ್ನು ಓಡುತ್ತಿರುವ ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಾನೆ. ಕಬ್ಬಿಣದೊಳಗೆ ಸದ್ದು ಗಾಳಿಗಿಂತ ಚೆನ್ನಾಗಿ ಹರಿಯುತ್ತದೆ ಎಂದು ಅವನಿಗೆ ಕಲಿಸಿದವನು ನಾನೇ. ಕೇಳಿಸುವುದು ಮಾತ್ರ ಅವನಿಗೆ. ಸುತ್ತ ನಿಂತವರು ಉಸಿರು ಬಿಗಿ ಹಿಡಿಯುತ್ತಾರೆ. ಮೈಲಾರದ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎಂದು ಕೂಗಿ ಕಾರ್ಣಿಕ ನುಡಿಯುವಂತೆ, ಇವನೂ ಒಂದೇ ಒಂದು ವಾಕ್ಯ ನುಡಿಯುತ್ತಾನೆ: "ಒಳಗ ಏನೋ ಸವದೈತ್ರಿ." ಅಷ್ಟೆ. ಅರ್ಥ ಹಚ್ಚಿಕೊಳ್ಳುವುದು ಭಕ್ತರಿಗೆ ಬಿಟ್ಟಿದ್ದು. ಐನೂರರಲ್ಲಿ ಮುಗಿಯುತ್ತದೆ ಎಂದು ನನ್ನ ವ್ಯಾಖ್ಯಾನ. ಐದು ಸಾವಿರ ಎಂದು ಮನೆಯಾಕೆಯದು. ಬೆಂಗಳೂರಿನಿಂದ ಫೋನಿನಲ್ಲಿ ಮಗನದು, "ಅಪ್ಪಾ, ಸ್ಕ್ರ್ಯಾಪಿಗೆ ಹಾಕು." ಇಲ್ಲಿಯವರೆಗೆ ಮನೆಯಾಕೆಯ ವ್ಯಾಖ್ಯಾನವೇ ಫಲಿಸುತ್ತಾ ಬಂದಿದೆ.

ಮೈಲಾರದ ಜಾತ್ರೆಗೇ ಈ ಕಾರಿನಲ್ಲಿ ಹೋದ ಕಥೆಯೂ ಇದೆ. ಭರತ ಹುಣ್ಣಿಮೆಯ ಜಾತ್ರೆ, ಬಿಸಿಲು ಆಗಲೇ ಬೇಸಿಗೆಯ ರಿಹರ್ಸಲ್ ನಡೆಸಿತ್ತು. ಹಿಂದಿನ ಸೀಟಿನಲ್ಲಿ ಅತ್ತಿಗೆ ಮತ್ತು ಅವರ ಬೀಗತಿ, ಮುಂದೆ ಮನೆಯಾಕೆ. ಎಲ್ಲರ ತೊಡೆಯ ಮೇಲೂ ಒಂದೊಂದು ಬುಟ್ಟಿ. ಎತ್ತಿನ ಗಾಡಿ, ಟ್ರ್ಯಾಕ್ಟರು, ಲಾರಿಗಳ ಸಾಲಿನಲ್ಲಿ ನಾವು ಆಮೆಯ ನಡಿಗೆಗೆ ಇಳಿದೆವು. ಕಾರು ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಮಾಡಬೇಕಾದ್ದು ಕರೆಂಟಿನ ಫ್ಯಾನು. ನಮ್ಮ ಫ್ಯಾನು ಜಾತ್ರೆಗೆ ರಜೆ ಹಾಕಿತ್ತು. ಟೆಂಪರೇಚರ್ ಮುಳ್ಳು ಕೆಂಪಿನ ಕಡೆ ಹೊರಟಿತು. ಮಿಸ್ತ್ರಿಗೆ ಫೋನು ಮಾಡಿದೆ.

"ಸರ, ಹೀಟರ್ ಫುಲ್ ಹಾಕ್ರಿ."

"ಕಾರು ಕಾದೈತಿ ಅಂತ ಫೋನ್ ಮಾಡಿದ್ರ ಹೀಟರ್ ಹಾಕು ಅಂತೀಯಲ್ಲೋ!"

"ನೀವ ವಿಚಾರ ಮಾಡ್ರಿ ಸರ, ಸೈನ್ಸ್ ಮೇಷ್ಟ್ರು" ಎಂದು ನಯವಾಗಿ ಫೋನಿಟ್ಟ.

ವಿಚಾರ ಮಾಡಿದೆ. ಹೀಟರ್ ಎಂದರೆ ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಇನ್ನೊಂದು ಪುಟ್ಟ ರೇಡಿಯೇಟರು. ಎಂಜಿನ್ನಿನ ಬಿಸಿನೀರು ಅದರೊಳಗೆ ಹಾಯುತ್ತದೆ, ಆ ಕಾವನ್ನು ಬ್ಲೋವರು ಒಳಗೆ ಕೂತವರ ಮೇಲೆ ಊದುತ್ತದೆ. ಎಂಜಿನ್ನಿನ ಜ್ವರ ಪ್ರಯಾಣಿಕರಿಗೆ ಹಂಚಿಕೆಯಾಗುತ್ತದೆ. ನಮ್ಮ ಕಾರಿನ ಎಸಿ ತೀರಿಕೊಂಡು ಬಹಳ ವರ್ಷವಾಗಿದೆ, ಹೀಟರ್ ಮಾತ್ರ ಶೋರೂಮಿನಿಂದ ಬಂದ ಹಾಗೇ ಇತ್ತು. ಹಡಗಲಿಯಲ್ಲಿ ಅದನ್ನು ಯಾರು ಮುಟ್ಟುತ್ತಾರೆ? ಗುಂಡಿ ತಿರುಗಿಸಿದೆ. ಇಪ್ಪತ್ತು ವರ್ಷದ ಧೂಳು ಮೊದಲು ಬಂತು, ಆಮೇಲೆ ಒಲೆಯ ಬಾಯಿ ತೆರೆದಂಥ ಗಾಳಿ. ಅತ್ತಿಗೆಯ ಹಣೆಯ ಭಂಡಾರ ಬೆವರಿಗೆ ಕರಗಿ ಮೂಗಿನ ತುದಿಗೆ ಇಳಿಯಿತು. ಬೀಗತಿ "ಏಳು ಕೋಟಿಗೋ" ಎಂದು ಶುರುಮಾಡಿದವರು ನಿಲ್ಲಿಸಲಿಲ್ಲ. ನಾನು ಸ್ಟೇರಿಂಗ್ ಹಿಡಿದು, ಉಷ್ಣಪ್ರಸರಣದ ಮೂರು ವಿಧಾನಗಳನ್ನು ಅವರಿಗೆ ವಿವರಿಸತೊಡಗಿದೆ. ಮನೆಯಾಕೆ ಬುಟ್ಟಿಯನ್ನು ನನ್ನ ತೊಡೆಗೆ ದಾಟಿಸಿ ಇಳಿದು, ಪಕ್ಕದ ಎತ್ತಿನ ಗಾಡಿ ಹತ್ತಿ ಕೂತಳು. ಆ ಗಾಡಿ ನಮಗಿಂತ ಮೊದಲೇ ಮೈಲಾರ ಮುಟ್ಟಿತು. ಮುಳ್ಳು ಮಾತ್ರ ಕೆಳಗಿಳಿದಿತ್ತು. ಈ ಸಂಗತಿಯನ್ನು ಮನೆಯಲ್ಲಿ ಯಾರೂ ನೆನಪಿಸಿಕೊಳ್ಳುವುದಿಲ್ಲ.

ಮಾರುತಿ 800ರ ಮೊದಲ ಕೀಲಿಯನ್ನು 1983ರ ಡಿಸೆಂಬರ್ 14ರಂದು ದಿಲ್ಲಿಯಲ್ಲಿ ಇಂದಿರಾ ಗಾಂಧಿಯವರೇ ಕೊಟ್ಟಿದ್ದು. 2014ರ ಹೊತ್ತಿಗೆ ತಯಾರಿಕೆ ನಿಂತಿತು. ಆದರೂ ಸಾಮಾನಿಗೆ ಬರವಿಲ್ಲ, ಯಾಕೆಂದರೆ ಇದೇ 796 ಸಿಸಿಯ ಮೂರು ಸಿಲಿಂಡರು ಓಮ್ನಿಯಲ್ಲೂ ಇತ್ತು, ಓಮ್ನಿ 2019ರವರೆಗೆ ಬಂತು. ನಮ್ಮ ಮಿಸ್ತ್ರಿಯ ಶೆಡ್ಡಿನ ಹಿಂದೆ ಸತ್ತ ಓಮ್ನಿಯೊಂದು ಇಟ್ಟಿಗೆಗಳ ಮೇಲೆ ಕೂತಿದೆ. ಅದರಿಂದ ಅಷ್ಟಿಷ್ಟು ಬಿಚ್ಚಿ ನಮ್ಮದಕ್ಕೆ ತೊಡಿಸುತ್ತಾ, ಈಗ ಯಾವುದು ಯಾರ ಕಾರು ಎಂದು ಆಣೆ ಮಾಡಿ ಹೇಳುವುದು ಕಷ್ಟ. ಇಲಿಗಳ ವಿಷಯ ಎತ್ತುವುದಿಲ್ಲ. ವೈರು ಕಡಿಯದ ಇಲಿಯನ್ನು ನಾನು ನೋಡಿಲ್ಲ. ಪೆಟ್ರೋಲ್ ಪೈಪೂ ಒಸರತೊಡಗಿದಾಗ ಮಿಸ್ತ್ರಿ ಹೇಳಿದ, ಈಗಿನ ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಎಥೆನಾಲ್, ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ ಅಂತ. ನಮ್ಮ ಮನೆತನದಲ್ಲಿ ಮೊಟ್ಟಮೊದಲು ಕುಡಿದು ಆರೋಗ್ಯ ಕೆಡಿಸಿಕೊಂಡದ್ದು ಈ ಕಾರು.

ಒಂದು ಊರನ್ನೂ ಸರಿಯಾಗಿ ಮುಟ್ಟದ ಇದು ಜಿಲ್ಲೆಯನ್ನು ಮಾತ್ರ ನಿಂತಲ್ಲೇ ದಾಟಿತು: 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ, ಬೇವಿನ ಮರದಡಿ ಬ್ಯಾಟರಿ ಡೌನಾಗಿ ನಿಂತೇ ಬಳ್ಳಾರಿ ಜಿಲ್ಲೆಯಿಂದ ಹೊರಬಿತ್ತು. ಹರಪನಹಳ್ಳಿಯ ಹಳೇ ಗಾಡಿಗಳ ಮುಂದೆ ಇದು ಏನೂ ಅಲ್ಲ, ಬಿಡಿ. ಅವು 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಬಂದು, 2021ರಲ್ಲಿ ಮತ್ತೆ ಹೊರಟವು.

ಆರ್‌ಸಿ ನವೀಕರಣದ ಕಥೆಯೇ ಬೇರೆ. ಹದಿನೈದು ತುಂಬಿದಾಗ 600 ರೂಪಾಯಿಯಲ್ಲಿ ಮುಗಿದಿತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. ಇಪ್ಪತ್ತು ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000. ಪಿಂಚಣಿದಾರನಾದ ನಾನು ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ಬದುಕಿದ್ದೇನೆ ಎಂದು ಬರೆದುಕೊಟ್ಟು ಬರುತ್ತೇನೆ. ಇದು ಬದುಕಿದೆ ಎನ್ನಲು ಹತ್ತು ಸಾವಿರ. "ನಿಮ್ಮಿಬ್ಬರಾಗ ಯಾರು ಮುಖ್ಯ ಅಂತ ಸರಕಾರಕ್ಕ ಗೊತ್ತೈತಿ" ಎಂದಳು ಮನೆಯಾಕೆ. ಮಗ ಮತ್ತೆ ಸ್ಕ್ರ್ಯಾಪ್ ಎಂದ. ನಾನು ದುಡ್ಡು ಕಟ್ಟಿದೆ.

ಹೊಸಪೇಟೆಗೆ ಒಯ್ದು ಇನ್ಸ್‌ಪೆಕ್ಟರಿಗೆ ತೋರಿಸುವ ಮೊದಲು ಒಂದು ಕೆಲಸ ಬಾಕಿಯಿತ್ತು. ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದಾಗಲೆಲ್ಲ ಹಾರ್ನ್ ತನ್ನಷ್ಟಕ್ಕೆ ಹೊಡೆಯುತ್ತಿತ್ತು. ಒಳಗೆ ವೈರಿನ ಸಿಪ್ಪೆ ಹೋಗಿ ಬಾಡಿಗೆ ತಾಗುತ್ತಿತ್ತಂತೆ. ಬಸ್‌ಸ್ಟ್ಯಾಂಡ್ ಹತ್ತಿರ ಎಡಕ್ಕೆ ಹೊರಳಿದರೆ ಪೇಂ ಎನ್ನುತ್ತಿತ್ತು, ಹೂವಿನವರು, ಚಹದಂಗಡಿಯವರು ಎಲ್ಲರೂ ತಿರುಗಿ ನೋಡುತ್ತಿದ್ದರು. ನೋಡಿದ ಮೇಲೆ ಸುಮ್ಮನಿರಲು ಬರುತ್ತದೆಯೇ? ನಾನು ಕೈಯೆತ್ತಿ ನಮಸ್ಕಾರ ಹೊಡೆಯುತ್ತಿದ್ದೆ. ಅವರೂ ಹೊಡೆಯುತ್ತಿದ್ದರು. ಮಿಸ್ತ್ರಿ ಆ ವೈರಿಗೆ ಟೇಪು ಸುತ್ತಿದ, ಕಾರು ಪಾಸಾಯಿತು, ಇನ್ನೈದು ವರ್ಷಕ್ಕೆ ಚಿಂತೆಯಿಲ್ಲ.

ಈಗ ಊರಲ್ಲಿ ಹೊಸ ದೂರು. ಮಲ್ಲಿಗೆ ತರಲು ಹೋದ ಮನೆಯಾಕೆಯ ಹತ್ತಿರ ಹೂವಿನಾಕೆ ಕೇಳಿದಳಂತೆ: "ಯಾಕ್ರೀ ಅಕ್ಕಾರ, ಮೇಷ್ಟ್ರಿಗೆ ಈಗೀಗ ಸೊಕ್ಕು ಬಂದೈತೇನು? ಮೊದ್ಲು ಹಾರ್ನ್ ಹೊಡದು ಮಾತಾಡಸ್ತಿದ್ರು, ಈಗ ತಿರುಗೀನೂ ನೋಡದಂಗ ಹೋಕ್ಕಾರ." ಸೋಮವಾರ ಗ್ಯಾರೇಜಿಗೆ ಹೋಗಿ ಆ ಟೇಪು ಬಿಚ್ಚಿಸಬೇಕು. ಲೇಬರ್ ಅಂತೂ ಅವನು ತೆಗೆದುಕೊಳ್ಳುವುದಿಲ್ಲ. ಬರುವಾಗ ಹೋಳಿಗೆಗೆ ಎರಡು ಕೆಜಿ ಬೆಲ್ಲ ತರಲು ಹೇಳಿದ್ದಾಳೆ.